ಒಂದೊಂದೇ ಮೀನು

ನನ್ನ ಕಯಾಕಿನ ಎಡ ಅಂಚಿಗೆ ಒಂದು ಅಳತೆಪಟ್ಟಿ ಅಂಟಿಸಿದ್ದೇನೆ. 22ನೇ ಇಂಚಿನ ಮೇಲೆ ಕೆಂಪು ಶಾಯಿಯ ದಪ್ಪ ಗೆರೆ. ಲಿಂಗ್‌ಕಾಡ್ ಎಂಬ ಮೀನು ಮೂತಿಯಿಂದ ಬಾಲದ ತುದಿಯವರೆಗೆ ಆ ಗೆರೆ ಮುಟ್ಟಿದರೆ ಮನೆಗೆ, ಮುಟ್ಟದಿದ್ದರೆ ಮರಳಿ ಕಡಲಿಗೆ. ಕ್ಯಾಲಿಫೋರ್ನಿಯದ ಕಾನೂನು ಓದಲು ಇಷ್ಟೇ ಸುಲಭ. ಬರೆದವರು ಅಲುಗಾಡದ ಮೇಜಿನ ಮುಂದೆ ಕೂತು ಬರೆದಿದ್ದಾರೆ. ಪಾಲಿಸುವವಳು ಏಳುಬೀಳುವ ನೀರಿನ ಮೇಲೆ, ಮೊಣಕಾಲುಗಳ ನಡುವೆ ಒದ್ದಾಡುವ ಮೀನು ಹಿಡಿದುಕೊಂಡು ಕೂತಿರುತ್ತಾಳೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಫ್ರೈಡೇ ಹಾರ್ಬರ್ ಪ್ರಯೋಗಾಲಯದಲ್ಲಿ ಈ ಮೀನಿನ ಹಲ್ಲು ಎಣಿಸಿ 2021ರಲ್ಲಿ ಪ್ರಕಟಿಸಿದರು: ಸುಮಾರು 555. ದಿನಕ್ಕೆ ಇಪ್ಪತ್ತರಷ್ಟು ಉದುರಿ ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಹಾಗಾಗಿ ಯಾವ ದಿನ ಹಿಡಿದರೂ ಹಲ್ಲು ಹರಿತವಾಗಿಯೇ ಇರುತ್ತವೆ. ಅಂಥ ಬಾಯಿಯನ್ನು ಪಟ್ಟಿಯ ಸೊನ್ನೆಗೆ ಒತ್ತಿ, ಬಾಲವನ್ನು ನೆಟ್ಟಗೆ ಮಾಡಿ, ಇಪ್ಪತ್ತೊಂದೂ ಮುಕ್ಕಾಲೋ ಇಪ್ಪತ್ತೆರಡೋ ಎಂದು ತೀರ್ಪು ಕೊಡಬೇಕು. ಕಾಲು ಇಂಚಿನ ಅನುಮಾನವಿದ್ದರೆ ನಾನು ಮೀನಿನ ಪರ.

ಈ ವ್ಯವಹಾರವನ್ನು ವಿಡಿಯೊದಲ್ಲಿ ನೋಡಿದ ಕರ್ನಾಟಕ ಕರಾವಳಿಯ ಗಂಗೊಳ್ಳಿಯಲ್ಲಿರುವ ಚಿಕ್ಕಮ್ಮ, "ಮೀನ್ ಅಳೆಪುಕೆ ಸ್ಕೇಲ್ ಬೇಕಾ ಹೆಣ್ಣೆ ನಿಂಗೆ? ಕಣ್ಣ್ ಎಂತಕ್ ಇಪ್ಪುದ್?" ಎಂದರು.

ಅವರು ಕೇಳಬಹುದಾದ ಪ್ರಶ್ನೆಯೇ. ನಮ್ಮ ಮನೆಗಳಲ್ಲಿ ಗಂಡಸರು ಕಡಲಿಗೆ ಹೋದರು, ಹೆಂಗಸರು ಬುಟ್ಟಿ ಹೊತ್ತು ಊರಿಗೆ ಹೋದರು. ಅಜ್ಜಿ ಮನೆಮನೆ ತಿರುಗಿದವರು, ಚಿಕ್ಕಮ್ಮ ಸಂತೆಯಲ್ಲಿ ಕೂತವರು. ಇಬ್ಬರೂ ಮೊಣಕಾಲಿಗಿಂತ ಮೇಲೆ ಉಪ್ಪುನೀರು ತಾಗಿಸಿಕೊಂಡವರಲ್ಲ. ಆದರೆ ಮೀನಿನ ವಿಷಯದಲ್ಲಿ ಕೊನೆಯ ಮಾತು ಅವರದೇ. ಬಲೆ ಎಳೆದವನಿಗೆ ಬಂಗುಡೆ ಎಂದರೆ ಇಷ್ಟು ಬುಟ್ಟಿ, ಇಷ್ಟು ಕ್ವಿಂಟಾಲು. ಮಾರುವವಳಿಗೆ ಮಾತ್ರ ಅದು ಒಂದೊಂದೇ ಬಂಗುಡೆ. ಕಿವಿರು ಎತ್ತಿ ಕೆಂಪು ನೋಡುತ್ತಾಳೆ, ಹೊಟ್ಟೆ ಒತ್ತುತ್ತಾಳೆ, ಕಣ್ಣು ತಿಳಿಯೋ ಮಬ್ಬೋ ಎಂದು ಬಗ್ಗಿ ನೋಡುತ್ತಾಳೆ, ಮುನ್ನೂರು ರೂಪಾಯಿಯದನ್ನು ಒಂದು ಕಡೆ, ನೂರೈವತ್ತರದನ್ನು ಇನ್ನೊಂದು ಕಡೆ ಇಡುತ್ತಾಳೆ. ಶಾಂತಸಾಗರದಲ್ಲಿ ಗಾಳ ಹಾಕುವ ಮೊಮ್ಮಗಳಿಗೆ ಅಜ್ಜನ ಕಡಲಿಗಿಂತ ಅಜ್ಜಿಯ ಆ ಕಣ್ಣು ಹೆಚ್ಚು ಉಪಯೋಗಕ್ಕೆ ಬಂದಿದೆ. ಏಕೆಂದರೆ ಕಯಾಕಿನಲ್ಲಿ ಮೀನು ಬರುವುದೂ ಒಂದೊಂದೇ. ಪ್ರತಿಯೊಂದರ ಮುಖ ನೋಡಿ ಇದು ಯಾರು ಎಂದು ಗುರುತಿಸುವವರೆಗೆ ಅದು ನನ್ನದಲ್ಲ.

ಮೊದಲು ದೋಣಿಯ ಮಾತು. ಹನ್ನೆರಡು ಹದಿಮೂರು ಅಡಿಯ ಪ್ಲಾಸ್ಟಿಕ್ ಒಡಲು, ಎರಡೂವರೆ ಅಡಿಯಷ್ಟೇ ಅಗಲ. ಒಳಗೆ ಇಳಿದು ಕೂರುವುದಲ್ಲ, ಮೇಲೆ ಹತ್ತಿ ಕೂರುವುದು. ಒಡಲು ಟೊಳ್ಳು, ಸುತ್ತ ಮುಚ್ಚಿದ್ದು. ಕೂರುವ ಜಾಗದಿಂದ ತಳದವರೆಗೆ ಆರಪಾರ ತೂತುಗಳಿವೆ. ಅಲೆ ಮೈಮೇಲೆ ಬಿದ್ದರೆ ನೀರು ಅವುಗಳ ಮೂಲಕ ತಾನಾಗಿ ಇಳಿದುಹೋಗುತ್ತದೆ. "ತೂತ್ ದೋಣಿಯಗೆ ಕಡಲಿಗ್ ಹೋಪುದಾ!" ಎಂದು ಚಿಕ್ಕಮ್ಮ ಮಾರಣಕಟ್ಟೆಯ ದೇವರಿಗೆ ಹರಕೆ ಹೇಳಿಕೊಂಡರು. ನಮ್ಮ ಪಾತಿ ದೋಣಿಗಾದರೆ ಪಕ್ಕದಲ್ಲಿ ಆಸರೆಗೆ ತೇಲುಮರವಿರುತ್ತದೆ. ಇದಕ್ಕೆ ಅದೂ ಇಲ್ಲ. ನಡುವೇ ತಕ್ಕಡಿ. ಕೆಲವರು ಹುಟ್ಟು ಹಾಕುತ್ತಾರೆ. ಹೋಬಿ ಕಂಪನಿ 1997ರಲ್ಲಿ ಕಾಲಿನಿಂದ ತುಳಿಯುವ ರೆಕ್ಕೆಗಳ ಯಂತ್ರ ತಂದ ಮೇಲೆ ಕೈ ಎರಡೂ ಗಾಳಕ್ಕೆ ಬಿಡುವಾದವು. ನಾನು ತುಳಿಯುವ ಪಕ್ಷ. ಹುಟ್ಟಿನವರು ನಮ್ಮನ್ನು ಸೈಕಲ್ಲಿನವರು ಎಂದು ಛೇಡಿಸುತ್ತಾರೆ, ಗಾಳಿ ಎದುರಾದಾಗ ಹಿಂದೆ ಉಳಿಯುತ್ತಾರೆ.

ಪ್ಲಾಸ್ಟಿಕ್ಕು ಹೊಸದು, ದೋಣಿಯ ಆಕಾರ ಹೊಸದಲ್ಲ. ಸೊನೊಮಾ ಕರಾವಳಿಯ ಫೋರ್ಟ್ ರಾಸ್ ಕೊಲ್ಲಿಯಿಂದ ಈಗ ಹವ್ಯಾಸಿಗಳು ಕಯಾಕ್ ಇಳಿಸುತ್ತಾರೆ. ಅಲ್ಲಿ 1812ರಿಂದ 1841ರವರೆಗೆ ರಷ್ಯನ್-ಅಮೆರಿಕನ್ ಕಂಪನಿಯ ವಸಾಹತು ಇತ್ತು. ರಷ್ಯನ್ನರು ಅಲಾಸ್ಕದಿಂದ ಅಲ್ಯೂಟ್ ಮತ್ತು ಅಲುಟೀಕ್ ಬೇಟೆಗಾರರನ್ನು ಕರೆತಂದಿದ್ದರು. ಅವರ ಜೊತೆ ಬಂದದ್ದು ಕಟ್ಟಿಗೆಯ ಚೌಕಟ್ಟಿಗೆ ಕಡಲಸಿಂಹದ ಚರ್ಮ ಹೊದಿಸಿದ ಇಕ್ಕಟ್ಟಿನ ದೋಣಿ, ಬೈದಾರ್ಕ. ಅದರಲ್ಲಿ ಕೂತು ಅವರು ಇಲ್ಲಿನ ಕಡಲಪಾಚಿಯ ನಡುವೆ ಕಡಲ ನೀರುನಾಯಿಗಳನ್ನು ಬೇಟೆಯಾಡಿದರು. ಚರ್ಮಕ್ಕೆ ಎಷ್ಟು ಬೆಲೆ ಇತ್ತೆಂದರೆ ಕೆಲವೇ ದಶಕಗಳಲ್ಲಿ ನೀರುನಾಯಿಗಳು ಇಲ್ಲಿಂದ ಹೆಚ್ಚುಕಡಿಮೆ ಅಳಿದವು, ವಸಾಹತನ್ನೂ ಮಾರಿ ಹೋದರು. ಕೋಟೆಯ ಮರದ ಗೋಡೆಯನ್ನು ಈಗ ಪ್ರವಾಸಿಗಳು ಫೋಟೊ ತೆಗೆಯುತ್ತಾರೆ. ನಾನು ಕೆಳಗಿನ ಕೊಲ್ಲಿಯಲ್ಲಿ ಬಾಡಿಗೆಗೆ ಬಂದವಳಾಗಿ ತೇಲುತ್ತಿರುತ್ತೇನೆ.

ನೀರು ತಣ್ಣಗೆ. ಕರಾವಳಿಯಲ್ಲಿ ಹುಟ್ಟಿದವಳಿಗೆ ಕಡಲು ಎಂದರೆ ಬೆಚ್ಚಗಿರಬೇಕು. ಗಂಗೊಳ್ಳಿಯ ನೀರು ಇಪ್ಪತ್ತೆಂಟು ಡಿಗ್ರಿಯ ಆಸುಪಾಸು. ಇಲ್ಲಿ ಹತ್ತರಿಂದ ಹದಿಮೂರು. ನಡು ಬೇಸಿಗೆಯಲ್ಲೂ ಅಷ್ಟೇ, ಕೆಲವೊಮ್ಮೆ ವಸಂತದಲ್ಲೇ ಇನ್ನೂ ಕಡಿಮೆ. ವಾಯವ್ಯದ ಗಾಳಿ ದಡದುದ್ದಕ್ಕೂ ಬೀಸಿ ಮೇಲಿನ ನೀರನ್ನು ಆಚೆ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣನೆಯ ನೀರು ಗೊಬ್ಬರ ಹೊತ್ತು ಮೇಲೇರುತ್ತದೆ. ಮೀನು ಇಷ್ಟು ಸಮೃದ್ಧವಾಗಿರುವುದೂ ಅದರಿಂದ, ನನ್ನ ಬೆರಳು ಮರಗಟ್ಟುವುದೂ ಅದರಿಂದ. ನಮ್ಮ ಮಳೆಗಾಲದ ಅರಬ್ಬಿ ಸಮುದ್ರದಲ್ಲೂ ಇಂಥ ಏರುನೀರು ಇದೆ; ಬೈಗೆ, ಬಂಗುಡೆ ಮೀನುಗಳ ಸುಗ್ಗಿಗೆ ಅದೂ ಒಂದು ಕಾರಣ. ಎರಡೂ ದಡಗಳು ಪಡುವಣಕ್ಕೆ ಮುಖ ಮಾಡಿದವು. ಸೂರ್ಯ ಮುಳುಗುವ ದಿಕ್ಕು ಒಂದೇ ಆದ್ದರಿಂದ ನನಗೆ ಇಲ್ಲಿ ದಿಕ್ಕು ತಪ್ಪುವುದಿಲ್ಲ, ಹಸಿವು ಮಾತ್ರ ತಪ್ಪಿದ ಹೊತ್ತಿಗೆ ಆಗುತ್ತದೆ.

ಇಲ್ಲಿನ ಹಳಬರು ಹೇಳುವ ಲೆಕ್ಕ ಒಂದು, ಹತ್ತು, ಒಂದು. ನೀರಿಗೆ ಬಿದ್ದ ಮೇಲೆ ಒಂದು ನಿಮಿಷ ಏದುಸಿರು ಹತೋಟಿಗೆ ತರಲು, ಹತ್ತು ನಿಮಿಷ ಕೈಬೆರಳು ಮಾತು ಕೇಳುವ ಅವಧಿ, ಒಂದು ಗಂಟೆ ಎಚ್ಚರ ತಪ್ಪುವ ಮುಂಚೆ. ಆದ್ದರಿಂದ ಮೇಲಿನ ಬಿಸಿಲು ನೋಡಿ ಬಟ್ಟೆ ಹಾಕುವ ಹಾಗಿಲ್ಲ, ನೀರಿನ ಚಳಿ ನೋಡಿ ಹಾಕಬೇಕು. ಕುತ್ತಿಗೆಗೂ ಮಣಿಕಟ್ಟಿಗೂ ರಬ್ಬರಿನ ಬಿಗಿ ಪಟ್ಟಿಯಿರುವ ಡ್ರೈಸೂಟು, ಅದರ ಮೇಲೆ ಜೀವರಕ್ಷಕ ಅಂಗಿ, ಅಂಗಿಗೆ ಸಿಕ್ಕಿಸಿದ ವಿಎಚ್‌ಎಫ್ ರೇಡಿಯೊ. 16ನೇ ಚಾನೆಲ್ ಕರಾವಳಿ ಕಾವಲಿನವರು ಕೇಳುವ ಚಾನೆಲ್. ಇಷ್ಟೆಲ್ಲ ತೊಟ್ಟು ಬೆಳಗಿನ ಜಾವ ಸಾಂತಾ ಕ್ರೂಜ್ ಮರಳಿನ ಮೇಲೆ ಗಾಡಿಚಕ್ರದಲ್ಲಿ ದೋಣಿ ತಳ್ಳಿಕೊಂಡು ಹೋಗುವಾಗ, ವಾಕಿಂಗ್ ಬಂದ ನಮ್ಮ ಕಡೆಯ ಹಿರಿಯರೊಬ್ಬರು "ಯಾವ ಕಂಪನಿ ಅಮ್ಮಾ, ರಿಪೇರಿ ಕೆಲಸವಾ?" ಎಂದು ಕೇಳಿದ್ದುಂಟು.

ಹೋಗಬೇಕೋ ಬೇಡವೋ ಎಂಬುದು ಹಿಂದಿನ ರಾತ್ರಿಯೇ ಅರ್ಧ ತೀರ್ಮಾನವಾಗಿರುತ್ತದೆ. ಕಡಲಿನಲ್ಲಿ ತೇಲುಬುರುಡೆಗಳಿವೆ, ಅಲೆಯ ಎತ್ತರ ಮತ್ತು ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನು ಗಂಟೆಗಂಟೆಗೂ ಕಳಿಸುತ್ತವೆ. ಹೊಸಬರು ಎತ್ತರ ಮಾತ್ರ ನೋಡುತ್ತಾರೆ. ಸೆಕೆಂಡು ನೋಡಬೇಕು. ಐದು ಅಡಿಯ ಅಲೆ ಹದಿನಾಲ್ಕು ಸೆಕೆಂಡಿಗೊಮ್ಮೆ ಬಂದರೆ ನಡುಕಡಲಿನಲ್ಲಿ ದೋಣಿಯನ್ನು ಸಾವಕಾಶವಾಗಿ ಎತ್ತಿ ಇಳಿಸುತ್ತದೆ. ಅದೇ ಐದು ಅಡಿ ಏಳು ಸೆಕೆಂಡಿಗೊಮ್ಮೆ ಬಂದರೆ ಮನೆಯಲ್ಲೇ ಇಡ್ಲಿ ಬೇಯಿಸಿಕೊಂಡಿರುವುದು ಮೇಲು. ಆದರೆ ಆ ಹದಿನಾಲ್ಕು ಸೆಕೆಂಡಿನದ್ದು ದಡಕ್ಕೆ ಬಂದಾಗ ಬೇರೆಯೇ ಸ್ವಭಾವ ತೋರಿಸುತ್ತದೆ. ಬಹಳ ಹೊತ್ತು ಸುಮ್ಮನಿದ್ದು, ಇದ್ದಕ್ಕಿದ್ದಂತೆ ಮೂರು ನಾಲ್ಕು ದೊಡ್ಡ ತೆರೆಗಳ ಸಾಲು ಒಟ್ಟಿಗೆ ಕಳಿಸುತ್ತದೆ. ಮರಳಿನಲ್ಲಿ ನಿಂತು ಸಾಲುಗಳನ್ನು ಎಣಿಸುತ್ತಾ ಕಾಯುವುದು, ನಡುವೆ ಬಿಡುವು ಸಿಕ್ಕಾಗ ಒಂದೇ ಉಸಿರಿಗೆ ನುಗ್ಗುವುದು. ರಾಂಪಣಿ ಬಲೆಯ ದೋಣಿ ನೂಕುವಾಗ ನಮ್ಮೂರ ಗಂಡಸರು ಹೀಗೇ ಕಾಯುತ್ತಿದ್ದರು. ಅವರ ಬಳಿ ತೇಲುಬುರುಡೆಯ ಅಂಕಿ ಇರಲಿಲ್ಲ, ಬೀಡಿ ಇತ್ತು.

ಶಾರ್ಕಿನ ವಿಷಯ ಎಲ್ಲರೂ ಕೇಳುತ್ತಾರೆ, ಹೇಳಿ ಮುಗಿಸುತ್ತೇನೆ. ಇವೆ. ಮಾಂಟೆರೆ ಕೊಲ್ಲಿ, ಫ್ಯಾರಲಾನ್ ದ್ವೀಪಗಳು, ಬೊಡೆಗಾದವರೆಗಿನ ನೀರಿಗೆ ಕೆಂಪು ತ್ರಿಕೋಣ ಎಂದೇ ಹೆಸರು. 2017ರ ಮಾರ್ಚಿನಲ್ಲಿ ಮಾಂಟೆರೆ ಬಂದರಿನ ಹೊರಗೆ ಗಾಳ ಹಾಕುತ್ತಿದ್ದವರೊಬ್ಬರ ಕಯಾಕನ್ನೇ ಒಂದು ಬಿಳಿ ಶಾರ್ಕ್ ಕಚ್ಚಿ ಎತ್ತಿ ಹಾಕಿತು. ಅವರಿಗೆ ಗಾಯವಾಗಲಿಲ್ಲ, ದೋಣಿಗೆ ಆಯಿತು. ಶಾರ್ಕಿಗೆ ಬೇಕಿದ್ದದ್ದು ಸೀಲು, ಪ್ಲಾಸ್ಟಿಕ್ಕಿನ ರುಚಿ ಹಿಡಿಸಲಿಲ್ಲ. ನನಗೆ ಅದಕ್ಕಿಂತ ಹೆಚ್ಚಿನ ಭಯ ಮಧ್ಯಾಹ್ನದ ಗಾಳಿಯದು. ಅದು ಯಾರ ರುಚಿಯನ್ನೂ ನೋಡುವುದಿಲ್ಲ.

ಇನ್ನು ಮೀನು. ಕಲ್ಲಿನ ನೆಲೆಯ ಮೇಲೆ ಕೆಲ್ಪ್ ಎಂಬ ಪಾಚಿ ಮರದೆತ್ತರ ಬೆಳೆಯುತ್ತದೆ. ಅದರ ಒಂದು ದಂಡನ್ನು ತೊಡೆಯ ಮೇಲೆ ಎಳೆದುಕೊಂಡರೆ ಲಂಗರು ಹಾಕಿದಂತಾಯಿತು. ಅರವತ್ತು, ಎಂಬತ್ತು ಅಡಿ ಆಳಕ್ಕೆ ಜಿಗ್ ಎಂಬ ಸೀಸದ ಭಾರದ ಗಾಳ ಬಿಡುತ್ತೇನೆ. ತಳ ಮುಟ್ಟಿದ್ದು ಬೆರಳಿಗೆ ಗೊತ್ತಾಗುತ್ತದೆ. ಎರಡು ಅಡಿ ಎತ್ತಿ ಕುಣಿಸಿದರೆ ಸಾಕು, ತಲೆಯಾಡಿಸುವ ಮೂರು ನಾಲ್ಕು ಬಲವಾದ ಜಗ್ಗು. ಅದು ರಾಕ್‌ಫಿಶ್. ಹೆಸರು ಒಂದೇ, ಕುಲ ದೊಡ್ಡದು: ಕ್ಯಾಲಿಫೋರ್ನಿಯದ ಕಡಲೊಂದರಲ್ಲೇ ಅರವತ್ತಕ್ಕೂ ಹೆಚ್ಚು ಜಾತಿ. ಕಪ್ಪು, ನೀಲಿ, ತಾಮ್ರದ ಬಣ್ಣ, ಗೋಫರ್ ಎಂಬ ಕಂದು ಚುಕ್ಕೆಯದು, ಕಪ್ಪು ಮೈಗೆ ಹಳದಿ ಪಟ್ಟೆ ಬಳಿದ ಚೈನಾ. ಎಲ್ಲದರ ಬೆನ್ನಮುಳ್ಳೂ ಚುಚ್ಚಿದರೆ ಸಂಜೆಯವರೆಗೆ ಉರಿಯುತ್ತದೆ.

ಕೆಂಪು ಮೀನು ಬಂದರೆ ಪರೀಕ್ಷೆ ಶುರು. ವರ್ಮಿಲಿಯನ್ ಕೆಂಪು, ಕೆನರಿ ಕೆಂಪು, ಯೆಲ್ಲೋಐ ಕೂಡ ಕೆಂಪು. ಮೊದಲನೆಯದನ್ನು ಇಟ್ಟುಕೊಳ್ಳಬಹುದು, ಆದರೆ ಅದಕ್ಕೊಂದು ಒಳಮಿತಿ. ಕೊನೆಯದನ್ನು ಮುಟ್ಟಿದ್ದೇ ತಪ್ಪು ಎನ್ನುವಷ್ಟು ನಿಷೇಧ. ನಾನು ಅಜ್ಜಿಯ ವಿದ್ಯೆ ಬಳಸುತ್ತೇನೆ. ಹೆಬ್ಬೆರಳಿನಿಂದ ಕೆಳದವಡೆಯ ಅಡಿ ಸವರಿದರೆ ವರ್ಮಿಲಿಯನ್ ಒರಟು, ಕೆನರಿ ನುಣುಪು. ಕೆನರಿಯ ಪಕ್ಕೆಯುದ್ದಕ್ಕೂ ಬೂದು ಗೆರೆ. ಯೆಲ್ಲೋಐಗೆ ತಲೆಯ ಮೇಲೆ ಅರದಂಥ ಏಣುಗಳು, ಉರಿಯುವ ಹಳದಿ ಕಣ್ಣು. ಆ ಕಣ್ಣು ಕಂಡರೆ ಕೈ ತಾನಾಗಿ ಮೃದುವಾಗುತ್ತದೆ. ಮೀನಿನ ಕಿವಿಯೊಳಗೆ ಒಂದು ಪುಟ್ಟ ಕಲ್ಲಿರುತ್ತದೆ. ಅದನ್ನು ಸೀಳಿ ಉಂಗುರ ಎಣಿಸಿ ವಯಸ್ಸು ಹೇಳುತ್ತಾರೆ. ಯೆಲ್ಲೋಐ ನೂರು ವರ್ಷ ದಾಟಿ ಬದುಕುತ್ತದೆ. ಅಲಾಸ್ಕದ ಕಡೆಯ ರಫ್‌ಐ ಎಂಬ ದಾಯಾದಿಯಲ್ಲಿ 205 ವರ್ಷ ಎಣಿಸಿದ್ದಾರೆ. ನನ್ನ ಗಾಳ ಕಚ್ಚಿದ ಯೆಲ್ಲೋಐ ನನ್ನ ಅಜ್ಜಿಗಿಂತ ಮೊದಲು ಹುಟ್ಟಿರಬಹುದು. ಇವು ನೀರಿನಲ್ಲಿ ಮೊಟ್ಟೆ ಇಟ್ಟು ಹೋಗುವ ಜಾತಿಯಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಜೀವಂತ ಮರಿ ಹಾಕುತ್ತವೆ, ದೊಡ್ಡ ಹೆಣ್ಣುಗಳು ಲಕ್ಷಗಟ್ಟಲೆ. ಮುದಿ ಹೆಣ್ಣುಗಳ ಮರಿ ಬೇಗ ಬೆಳೆಯುತ್ತವೆ, ಹಸಿವನ್ನೂ ಹೆಚ್ಚು ದಿನ ತಡೆಯುತ್ತವೆ ಎಂದು ಕಪ್ಪು ರಾಕ್‌ಫಿಶ್ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ತೋರಿಸಿತು. ದೊಡ್ಡ ಮೀನು ಹಿಡಿದವನಿಗೆ ಶಾಭಾಷ್, ಚಿಕ್ಕದು ಹಿಡಿದವನಿಗೆ ನಗೆ ಎಂಬ ಲೋಕದ ವಾಡಿಕೆ ಈ ಕುಲದ ಮಟ್ಟಿಗೆ ತಲೆಕೆಳಗು.

ಅದನ್ನು ಈ ಕರಾವಳಿ ತಡವಾಗಿ ಕಲಿಯಿತು. ಟ್ರಾಲರುಗಳು ಟನ್ನಿನ ಲೆಕ್ಕದಲ್ಲಿ ಎಳೆದವು. ರಾಕ್‌ಫಿಶ್ ಎಂಬ ಒಂದೇ ಹೆಸರಿನಡಿ ಹತ್ತಾರು ಜಾತಿ, ಹತ್ತರದೂ ನೂರರದೂ ವಯಸ್ಸು, ಒಂದೇ ರಾಶಿಯಾಗಿ ಬಂದರಿಗೆ ಬಿತ್ತು. 1999ರಲ್ಲಿ ಲಿಂಗ್‌ಕಾಡ್ ಅತಿಯಾಗಿ ಹಿಡಿಯಲ್ಪಟ್ಟಿದೆ ಎಂದು ಸಾರಿದರು. 2000ದಲ್ಲಿ ಅಮೆರಿಕ ಸರ್ಕಾರ ಇಡೀ ಪಶ್ಚಿಮ ಕರಾವಳಿಯ ತಳಮೀನುಗಾರಿಕೆಯನ್ನೇ ವಿಪತ್ತು ಎಂದು ಘೋಷಿಸಿತು. ಆಮೇಲೆ ಮುಚ್ಚಿದ ಪ್ರದೇಶಗಳು, ಆಳದ ಗೆರೆಗಳು, ಜಾತಿಗೊಂದು ಮಿತಿ. ರಾಜ್ಯದ ಕಡಲಿನಲ್ಲಿ 124 ಸಂರಕ್ಷಿತ ಪ್ರದೇಶಗಳ ಸರಣಿ 2012ಕ್ಕೆ ಪೂರ್ತಿಯಾಯಿತು. ಫಲವೂ ಸಿಕ್ಕಿತು. ಲಿಂಗ್‌ಕಾಡ್ 2005ರಲ್ಲೇ ಚೇತರಿಸಿಕೊಂಡಿತು, ಕೆನರಿ 2015ರಲ್ಲಿ, ಬೊಕಾಚಿಯೊ ಎಂಬ ಇನ್ನೊಂದು ರಾಕ್‌ಫಿಶ್ 2017ರಲ್ಲಿ. ಯೆಲ್ಲೋಐ ಇನ್ನೂ ದಾರಿಯಲ್ಲಿದೆ. ಇಪ್ಪತ್ತು ವರ್ಷಕ್ಕೆ ಮೈನೆರೆಯುವ ಮೀನಿಗೆ ಅವಸರ ಮಾಡಿಸಲಾಗದು. ನಿಯಮಗಳ ಬಗ್ಗೆ ನನಗೂ ಗೊಣಗುವುದಕ್ಕಿದೆ. 2023ರಲ್ಲಿ ಕೆಲವು ಭಾಗಗಳಲ್ಲಿ ತಿಂಗಳುಗಟ್ಟಲೆ 50 ಫ್ಯಾದಮ್‌ಗಿಂತ ಆಚೆ, ಅಂದರೆ ಮುನ್ನೂರು ಅಡಿಗಿಂತ ಆಳದಲ್ಲಿ ಮಾತ್ರ ಹಿಡಿಯಿರಿ ಎಂದರು. ಎಂಜಿನ್ ಇದ್ದವರು ಹೋದರು. ಕಾಲು ತುಳಿಯುವವರು ದಡದಲ್ಲಿ ಚಹಾ ಕುಡಿದೆವು. ದಡದ ಬಳಿಯ ಕ್ವಿಲ್‌ಬ್ಯಾಕ್ ಎಂಬ ಜಾತಿ ಕುಸಿದಿದೆ ಎಂದು ಆಗ ಲೆಕ್ಕ ಹಾಕಿದ್ದರು, ಅದನ್ನು ಉಳಿಸಬೇಕಿತ್ತು. ಕಾರಣ ಒಪ್ಪುತ್ತೇನೆ, ಚಹಾ ಮಾತ್ರ ಕಹಿಯಾಗಿತ್ತು.

ನಿಷೇಧಿತ ಮೀನು ಬಂದರೆ ಬಿಟ್ಟರಾಯಿತಲ್ಲ ಎನ್ನಬಹುದು. ಅಷ್ಟು ಸುಲಭವಲ್ಲ. ರಾಕ್‌ಫಿಶ್‌ನ ಗಾಳಿಚೀಲ ಮುಚ್ಚಿದ್ದು. ಆಳದಿಂದ ಮೇಲೆ ಎಳೆದಾಗ ಒತ್ತಡ ಇಳಿದು ಗಾಳಿ ಹಿಗ್ಗುತ್ತದೆ, ಹೊಟ್ಟೆ ಬಾಯಿಂದ ಹೊರಗೆ ಬರುತ್ತದೆ, ಕಣ್ಣು ಉಬ್ಬುತ್ತದೆ. ಹಾಗೇ ಬಿಟ್ಟರೆ ಬಲೂನಾಗಿ ನೀರಿನ ಮೇಲೇ ತೇಲುತ್ತದೆ, ಕಡಲಹಕ್ಕಿ ಕಣ್ಣು ಕುಕ್ಕುತ್ತದೆ. ಅದಕ್ಕೊಂದು ಸಾಧನವಿದೆ: ಮೀನಿನ ದವಡೆ ಕಚ್ಚಿಹಿಡಿಯುವ ಒಂದು ಇಕ್ಕಳ, ಕೆಳಗೆ ಭಾರದ ಗುಂಡು. ಹಗ್ಗದಲ್ಲಿ ಕಟ್ಟಿ ಇಳಿಸಿದರೆ ಗೊತ್ತುಮಾಡಿದ ಆಳದಲ್ಲಿ ಒತ್ತಡಕ್ಕೆ ಇಕ್ಕಳ ತಾನೇ ಬಾಯಿ ಬಿಡುತ್ತದೆ. ಅಷ್ಟರಲ್ಲಿ ಗಾಳಿ ಕುಗ್ಗಿ ಕಣ್ಣು ಕಣ್ಣಿನ ಜಾಗಕ್ಕೆ ಹೋಗಿರುತ್ತದೆ. ಅಲಾಸ್ಕದಲ್ಲಿ ಹೀಗೆ ಇಳಿಸಿಬಿಟ್ಟ ಹೆಣ್ಣು ಯೆಲ್ಲೋಐಗಳನ್ನು ವರ್ಷದ ಮೇಲೆ ಮತ್ತೆ ಹಿಡಿದು ನೋಡಿದಾಗ ಅವು ಮರಿ ಹೊರುವ ಸ್ಥಿತಿಯಲ್ಲೇ ಇದ್ದವು.

ನಾನು ಹಗ್ಗ ಇಳಿಸುತ್ತಾ ಕೂತ ಚಿತ್ರ ನೋಡಿ ಚಿಕ್ಕಮ್ಮ ಕೇಳಿದರು: "ಮೀನನ್ನ ಮನಿಗ್ ಮುಟ್ಸಿ ಬಪ್ಪುಕೆ ನೀನ್ ದುಡ್ಡ್ ಕೊಟ್ಟ್ ಲೈಸೆನ್ಸ್ ಮಾಡ್ಸಿದ್ದಾ?"

ಹೌದು ಎಂದೆ. ಬೇರೆ ಉತ್ತರ ಇರಲಿಲ್ಲ.

ಲಿಂಗ್‌ಕಾಡಿಗೆ ಗಾಳಿಚೀಲವೇ ಇಲ್ಲ, ಆದ್ದರಿಂದ ಈ ಉಪಚಾರವೂ ಬೇಡ. ಅದಕ್ಕೆ ಬೇಕಾದ್ದು ಊಟ. ಸಣ್ಣ ರಾಕ್‌ಫಿಶ್ ಒಂದನ್ನು ಎತ್ತುತ್ತಿರುವಾಗ ಗಾಳದ ಕೋಲು ಇದ್ದಕ್ಕಿದ್ದಂತೆ ನೀರಿಗೆ ಬಾಗುತ್ತದೆ, ದಾರ ಒಂದೇ ಸಮ ಭಾರವಾಗುತ್ತದೆ. ಕೆಳಗೆ ಕಲ್ಲಿನ ಸಂದಿಯಿಂದ ಬಂದ ಲಿಂಗ್‌ಕಾಡ್ ರಾಕ್‌ಫಿಶ್ ಅನ್ನು ಅಡ್ಡ ಕಚ್ಚಿಕೊಂಡಿರುತ್ತದೆ. ಅದಕ್ಕೆ ಗಾಳ ತಾಗಿಯೇ ಇರುವುದಿಲ್ಲ. ಬಾಯಿ ತೆರೆದರೆ ಬಿಡುಗಡೆ. ಬಾಯಿ ತೆರೆಯುವುದಿಲ್ಲ. ಹೊರಟ ಬಸ್ಸಿನ ಕಂಬಿ ಹಿಡಿದವನ ಹಾಗೆ, ಇಳಿದರೆ ಪ್ರಾಣ ಉಳಿಯುತ್ತದೆ ಎಂದು ಗೊತ್ತಿದ್ದರೂ ಸೀಟು ಬಿಟ್ಟುಕೊಡಲು ಮನಸ್ಸಿಲ್ಲದೆ ಮೇಲಿನವರೆಗೂ ಬರುತ್ತದೆ. ಇಲ್ಲಿ ಕೈ ನಿಧಾನವಾಗಬೇಕು. ಜಗ್ಗಿದರೆ ಬಿಟ್ಟುಬಿಡುತ್ತದೆ. ತಲೆ ನೀರಿನಿಂದ ಹೊರಗೆ ಬಾರದಂತೆ, ಕೆಳಗಿನಿಂದ ಬುಟ್ಟಿಬಲೆ ಹಾಕಿ ಎತ್ತಬೇಕು. ದೋಣಿಗೆ ಬಿದ್ದ ಮೇಲೆ ಅದು ಕಚ್ಚಿದ್ದನ್ನು ಬಿಟ್ಟು ನನ್ನ ಕಡೆ ನೋಡುತ್ತದೆ. ಆ ನೋಟದಲ್ಲಿ ಪಶ್ಚಾತ್ತಾಪ ಕಂಡಿಲ್ಲ.

ಇದೇ ಪುಂಡ ಒಳ್ಳೆಯ ಅಪ್ಪ ಕೂಡ. ಚಳಿಗಾಲದಲ್ಲಿ ಹೆಣ್ಣು ಕಲ್ಲಿನ ಬಿರುಕಿಗೆ ಮೊಟ್ಟೆಯ ಮುದ್ದೆ ಅಂಟಿಸಿ ಹೊರಟುಹೋಗುತ್ತದೆ. ಗಂಡು ಎರಡು ತಿಂಗಳಷ್ಟು ಕಾಲ ಅಲ್ಲೇ ಕಾವಲು ಇರುತ್ತದೆ. ಬಂದವರು ಯಾರೇ ಆದರೂ ಮೇಲೆ ಬೀಳುತ್ತದೆ, ಮುಳುಗುಗಾರರನ್ನೂ ಬಿಟ್ಟಿಲ್ಲ. ಆ ಚಳಿಯ ತಿಂಗಳುಗಳಲ್ಲಿ ದೋಣಿಯಿಂದ ತಳಮೀನು ಹಿಡಿಯುವುದು ಮುಚ್ಚಿರುತ್ತದೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ ಇರುವುದಲ್ಲ, ಆ ಲೆಕ್ಕ ಚಿಕ್ಕಮ್ಮನಿಗೆ ಥಟ್ಟನೆ ಹಿಡಿಸಿತು. ನಿಯಮಗಳಲ್ಲಿ ಅವರು ನಗದೆ ಒಪ್ಪಿದ್ದು ಇದೊಂದನ್ನೇ.

ಸಾಲ್ಮನ್ ಬಗ್ಗೆ ಹೆಚ್ಚು ಬರೆಯಲು ಸಂಕೋಚ. ಅದು ಇಲ್ಲಿಯ ನಿವಾಸಿಯಲ್ಲ, ದಾರಿಹೋಕ. ಮಾಸ್ ಲ್ಯಾಂಡಿಂಗ್‌ನಲ್ಲಿ ಕಡಲ ತಳದ ಕಣಿವೆ ದಡದ ಬುಡಕ್ಕೇ ಬರುವುದರಿಂದ ಕಯಾಕಿನವರಿಗೂ ಆಳದ ನೀರು ಹತ್ತಿರ. ಅಲ್ಲಿ ಮುಳ್ಳಿಲ್ಲದ ಗಾಳಕ್ಕೆ ಆಂಚೊವಿ ಮೀನು ಸಿಕ್ಕಿಸಿ, ಅದು ತಿರುಗುತ್ತಾ ಈಜುವ ಹಾಗೆ ನಿಧಾನವಾಗಿ ಎಳೆಯುತ್ತಾ ಗಂಟೆಗಟ್ಟಲೆ ತುಳಿಯುವುದು. ಸಾಲ್ಮನ್ ಬಂದರೆ ಬಾಯಿ ತೆರೆದು ವಸಡು ನೋಡಬೇಕು: ಕಪ್ಪಿದ್ದರೆ ಚಿನೂಕ್, ಬಿಳಿಯಿದ್ದರೆ ಕೋಹೊ, ಕೋಹೊ ಇಲ್ಲಿ ನಿಷಿದ್ಧ. ಆಂಚೊವಿ ಇರುವಲ್ಲಿ ತಿಮಿಂಗಿಲವೂ ಇರುತ್ತದೆ. 2020ರ ನವೆಂಬರಿನಲ್ಲಿ ಆವಿಲಾ ಬೀಚಿನಲ್ಲಿ ಇಬ್ಬರು ಹೆಂಗಸರು ಕೂತಿದ್ದ ಕಯಾಕನ್ನು ಹಂಪ್‌ಬ್ಯಾಕ್ ಒಂದು ಮೀನಿನ ಗುಂಪಿನ ಜೊತೆ ಬಾಯಿಗೆ ತುಂಬಿಕೊಂಡು ಉಗುಳಿತು. ಇಬ್ಬರೂ ಕ್ಷೇಮ. ಅಂದಿನಿಂದ ಮೀನಿನ ಗುಂಪು ಕುದಿಯುವುದು ಕಂಡರೆ ನಾನು ಆ ಕಡೆ ತುಳಿಯುವುದಿಲ್ಲ, ಆಸೆ ಎಷ್ಟಿದ್ದರೂ.

ಆದರೆ 2023ರಲ್ಲಿ, 2024ರಲ್ಲಿ ಕ್ಯಾಲಿಫೋರ್ನಿಯದ ಕಡಲಿನಲ್ಲಿ ಸಾಲ್ಮನ್ ಹಿಡಿಯುವುದನ್ನೇ ನಿಲ್ಲಿಸಿದರು. 2025ರ ಜೂನ್‌ನಲ್ಲಿ ಹವ್ಯಾಸಿಗಳಿಗೆ ಎರಡೇ ದಿನ ಬಿಟ್ಟರು, ಇಡೀ ರಾಜ್ಯಕ್ಕೆ 7,000 ಮೀನಿನ ಅಂದಾಜು ಕಟ್ಟಿ. ಬರದಲ್ಲಿ ನದಿಗಳು ಸೊರಗಿ ಬಿಸಿಯಾದವು, ಅಣೆಕಟ್ಟುಗಳು ಮೊದಲೇ ದಾರಿ ಮುಚ್ಚಿದ್ದವು. ಇನ್ನೊಂದು ವಿಚಿತ್ರವೂ ಸೇರಿತು: ಕಡಲಿನಲ್ಲಿ ಬರೀ ಆಂಚೊವಿಯನ್ನೇ ತಿಂದ ತಾಯಿಮೀನುಗಳಲ್ಲಿ ಬಿ1 ಜೀವಸತ್ವ ಕಡಿಮೆಯಾಗಿ, 2020ರಲ್ಲಿ ಮರಿಕೇಂದ್ರಗಳ ಮರಿಗಳು ಸುತ್ತುತ್ತಾ ಸಾಯುವುದು ಕಂಡುಬಂತು. ಹೊಟ್ಟೆ ತುಂಬಿದ್ದೂ ಕೊರತೆ. ಉತ್ತರದಲ್ಲಿ ಕ್ಲಾಮತ್ ನದಿಯ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಒಡೆದು ತೆಗೆದರು. ಅದೇ ಅಕ್ಟೋಬರಿನಲ್ಲಿ ಚಿನೂಕ್ ಒಂದು ಮೇಲಿನ ಒರೆಗಾನ್ ತೊರೆಯವರೆಗೆ ಏರಿ ಹೋಯಿತು, 1912ರ ನಂತರ ಮೊದಲ ಬಾರಿಗೆ. ಅದಕ್ಕೆ ದಾರಿ ಯಾರು ಹೇಳಿದರು ಎಂದು ಯೋಚಿಸುತ್ತಾ ಕೂರುವುದು ಗಾಳ ಹಾಕುವುದಕ್ಕಿಂತ ಹೆಚ್ಚು ಹೊತ್ತು ತಿನ್ನುತ್ತದೆ.

ಕೆಲ್ಪ್ ವಿಷಯ ಹೇಳದೆ ದಡ ಸೇರುವಂತಿಲ್ಲ. ಮೇಲೆ ಹೇಳಿದ ಪಾಚಿಯ ಲಂಗರು ಮಾಂಟೆರೆಯಲ್ಲಿ ಕೆಲವು ಕಡೆ ಇನ್ನೂ ಸಿಗುತ್ತದೆ. ಸೊನೊಮಾ, ಮೆಂಡೊಸಿನೊ ಕರಾವಳಿಯಲ್ಲಿ ಬುಲ್ ಕೆಲ್ಪ್ 2014ರ ನಂತರ ತೊಂಬತ್ತು ಪ್ರತಿಶತಕ್ಕೂ ಹೆಚ್ಚು ಹೋಯಿತು. ನಕ್ಷತ್ರಮೀನುಗಳಿಗೆ ರೋಗ ಬಂದು ಅವು ಕರಗಿದವು, ಅವು ತಿನ್ನುತ್ತಿದ್ದ ನೇರಳೆ ಕಡಲಮುಳ್ಳಿಗಳು ಲಕ್ಷೋಪಲಕ್ಷ ಹೆಚ್ಚಿ ಪಾಚಿಯ ಬುಡ ಮೇಯ್ದವು, ಅದೇ ಹೊತ್ತಿಗೆ ನೀರೂ ಬಿಸಿಯಾಯಿತು. ಮುಳ್ಳಿಗಳನ್ನು ಹಿಡಿತದಲ್ಲಿಡುವ ಇನ್ನೊಂದು ಪ್ರಾಣಿ ನೀರುನಾಯಿ. ಅದರ ಕತೆ ಫೋರ್ಟ್ ರಾಸ್‌ನಲ್ಲೇ ಮುಗಿದಿತ್ತು. ಬೈದಾರ್ಕದವರು ಹೋಗಿ ಇನ್ನೂರು ವರ್ಷವಾಗುತ್ತ ಬಂತು, ಸೊನೊಮಾ ಕಡಲಿಗೆ ಅವು ಇನ್ನೂ ನೆಲೆಸಲು ಮರಳಿಲ್ಲ.

ಅಡಿಗೆಮನೆಯಲ್ಲಿ ಎಲ್ಲ ಹಗುರಾಗುತ್ತದೆ. ಐದು ಲಿಂಗ್‌ಕಾಡಿನಲ್ಲಿ ಒಂದರ ಮಾಂಸ ನೀಲಿ. ಕಡಲಿನ ತಿಳಿ ನೀಲಿಯಲ್ಲ, ಮೈಲುತುತ್ತದ ಕಡುನೀಲಿ. ಮೊದಲ ಸಲ ಹೆಚ್ಚುವವರು ಚಾಕು ಕೆಳಗಿಟ್ಟು ಡಾಕ್ಟರಿಗೆ ಫೋನು ಮಾಡುವುದೊಂದು ಬಾಕಿ. ಪಿತ್ತದ ಬಣ್ಣವೊಂದು ಮಾಂಸಕ್ಕೆ ಸೇರುವುದರಿಂದ ಹೀಗೆ ಎನ್ನುತ್ತಾರೆ. ಬೆಂಕಿ ತಾಗಿದ ಎರಡು ನಿಮಿಷಕ್ಕೆ ಬೆಳ್ಳಗಾಗುತ್ತದೆ. ಇಲ್ಲಿನವರು ಈ ಬಿಳಿ ಮಾಂಸವನ್ನು ಬ್ರೆಡ್ಡಿನ ಪುಡಿಯಲ್ಲಿ ಕರಿದು ಹೊಗಳುತ್ತಾರೆ. ನನಗೆ, ಹೇಳಬಾರದು, ಸಪ್ಪೆ. ಬಂಗುಡೆಯ ಎಣ್ಣೆ ತಿಂದ ನಾಲಿಗೆಗೆ ಇದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಬ್ಯಾಡಗಿ ಮೆಣಸು, ಕೊತ್ತಂಬರಿ, ಹುಣಸೆ ಹಾಕಿ ತೆಂಗಿನಕಾಯಿ ಅರೆದ ಸಾರಿಗೆ ಬಿದ್ದ ಮೇಲೆ ಅದಕ್ಕೊಂದು ಗುಣ ಬರುತ್ತದೆ. ರಾಕ್‌ಫಿಶ್‌ನ ತಲೆ ಮಾತ್ರ ನಿಜವಾದ ಸಾಮಾನು. ಕೆನ್ನೆಯ ತುಣುಕು, ಗಂಟಲಿನ ಕೊಬ್ಬು, ಸಾರಿಗೆ ಇಳಿಯುವ ಅಂಟು. ದಡದಲ್ಲಿ ಮೀನು ಸ್ವಚ್ಛ ಮಾಡುವ ಮೇಜಿನ ಬಳಿ ಬಹಳ ಅಮೆರಿಕನ್ನರು ಪಕ್ಕೆ ಮಾತ್ರ ಕೊಯ್ದುಕೊಂಡು ತಲೆ ಬಿಟ್ಟುಹೋಗುತ್ತಾರೆ. ಫಿಲಿಪೀನ್ಸಿನ ಹಿರಿಯರೊಬ್ಬರೂ ನಾನೂ ಅಲ್ಲಿ ಪೈಪೋಟಿಯಲ್ಲಿರುತ್ತೇವೆ. ಅವರು ನನಗಿಂತ ಬೇಗ ಬರುತ್ತಾರೆ.

ಮೊನ್ನೆ ಗೆರೆಯನ್ನು ಧಾರಾಳವಾಗಿ ದಾಟಿದ ಲಿಂಗ್‌ಕಾಡ್ ಒಂದನ್ನು ಸಿಂಕಿನಲ್ಲಿಟ್ಟು ಚಿಕ್ಕಮ್ಮನಿಗೆ ವಿಡಿಯೊ ಹಚ್ಚಿದೆ. ಕ್ಯಾಮೆರಾ ಹತ್ತಿರ ಹಿಡಿ ಎಂದರು. ಕಿವಿರು ಎತ್ತಿಸಿದರು. ಹೊಟ್ಟೆ ಒತ್ತಿಸಿದರು. ಕಣ್ಣು ತೋರಿಸು ಎಂದರು, ಬಾಲ ತೋರಿಸು ಎಂದರು. ಹೆಸರು ಕೇಳಲಿಲ್ಲ.

"ಎಷ್ಟಕ್ಕ್ ಕೊಡ್ತೆ?"

"ಮಾರುಕಾಗ ಚಿಕ್ಕಮ್ಮ. ಹವ್ಯಾಸಕ್ಕೆ ಹಿಡ್ದ್ ಮೀನ್ ಮಾರ್ರೆ ಇಲ್ಲಿ ದಂಡ ಹಾಕ್ತ್ರ್. ತಿನ್ಕ್, ಇಲ್ದಿದ್ರೆ ಹಂಚ್ಕ್."

ಅವರು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದರು. ಹಿಂದೆ ಗಂಗೊಳ್ಳಿಯ ರಸ್ತೆಯಲ್ಲಿ ಯಾರೋ ಸ್ಕೂಟರಿನ ಹಾರ್ನು ಒತ್ತುತ್ತಿದ್ದರು.

"ಆಯ್ತ್," ಎಂದರು ಚಿಕ್ಕಮ್ಮ. "ಆದ್ರೂ ಯಾರಾರೂ ಕೇಂಡ್ರೆ ಏಳ್ನೂರಕ್ಕಿಂತ ಕಮ್ಮಿಗ್ ಕೊಡುಕಾಗ."